ಬೆಳಕಿನ ಅಚ್ಚುಕೂಟದ ಗಳಿಗೆಯ ಲೆಕ್ಕ

ಕ್ರಿ.ಶ. 1843ನೆಯ ಇಸವಿಯ ಜುಲೈ 1ರಂದು ಮಂಗಳೂರಿನ ಬಾಸೆಲ್ ಮಿಶನ್ನಿನ ಮುದ್ರಣಾಲಯದಿಂದ ಹೊರಬಂದ ‘ಮಂಗಳೂರ ಸಮಾಚಾರ’ವು ಕನ್ನಡದ ಪ್ರಥಮ ವೃತ್ತಪತ್ರಿಕೆಯೆಂಬುದನ್ನು ಶಾಲೆಯ ಮಕ್ಕಳೂ ಬಲ್ಲರು, ಆದರೆ ಆ ಪತ್ರಿಕೆಯು ಸೀಸದ ಮೊಳೆಗಳಿಂದಲ್ಲ, ಕಲ್ಲಿನಿಂದ ಮುದ್ರಿತವಾಯಿತೆಂಬುದನ್ನೂ, ವರ್ಷ ತುಂಬುವ ಮೊದಲೇ ಅದು ಮಂಗಳೂರನ್ನು ಬಿಟ್ಟು ಬಳ್ಳಾರಿಗೆ ಹೊರಟುಹೋಯಿತೆಂಬುದನ್ನೂ ಬಲ್ಲವರು ವಿರಳ. ಬವೇರಿಯಾದ ಅಲೋಯಿಸ್ ಸೆನೆಫೆಲ್ಡರನು 1796ರಲ್ಲಿ ಕಂಡುಹಿಡಿದ ಈ ಕಲ್ಲಚ್ಚಿನ ವಿದ್ಯೆಯಲ್ಲಿ, ನುಣ್ಣಗೆ ಉಜ್ಜಿದ ಸುಣ್ಣಕಲ್ಲಿನ ಮೇಲೆ ಜಿಡ್ಡಿನ ಮಸಿಯಿಂದ ಬರೆದು ಕಲ್ಲನ್ನು ತೇವಗೊಳಿಸಿದರೆ, ಬರೆಹವಿದ್ದಲ್ಲಿ ಮಾತ್ರ ಮುದ್ರಣದ ಮಸಿ ಹಿಡಿದು, ಉಳಿದೆಡೆ ನೀರು ಅದನ್ನು ದೂರವಿಡುತ್ತದೆ. ಒತ್ತಕ್ಷರ ಗುಣಿತಾಕ್ಷರಗಳಿಗಾಗಿ ನೂರಾರು ಮೊಳೆಗಳನ್ನು ಎರಕ ಹೊಯ್ಯುವ ಶ್ರಮವಿಲ್ಲದೆ, ಬಲ್ಲ ಲಿಪಿಕಾರನೊಬ್ಬನ ಕೈಬರೆಹವನ್ನೇ ಪ್ರತಿಗಳಾಗಿಸುವ ಈ ಸೌಲಭ್ಯವು ಕನ್ನಡದಂಥ ಲಿಪಿಗೆ ವರವೇ ಆಗಿತ್ತು. ಹರ್ಮನ್ ಮೋಗ್ಲಿಂಗನು ‘ಬಿಬ್ಲಿಯೋಥಿಕಾ ಕರ್ನಾಟಿಕಾ’ ಮಾಲೆಯಲ್ಲಿ ಪ್ರಕಟಿಸಿದ ಜೈಮಿನಿ ಭಾರತ, ಬಸವಪುರಾಣ, ದಾಸರ ಪದಗಳು ಮೊದಲಾದವು ಕಲ್ಲಚ್ಚಿನಲ್ಲಿಯೇ ಹೊರಬಂದವು. ಆದರೆ ಪ್ರತಿಯೊಂದು ಹಾಳೆಗೂ ಕಲ್ಲನ್ನು ಒದ್ದೆ ಮಾಡಿ, ಮಸಿ ಸವರಿ, ಕಾಗದ ಹಾಸಿ, ಒತ್ತಿ, ತೆಗೆಯಬೇಕಾಗಿದ್ದ ಈ ಕ್ರಮವು ಪುರಾಣಕ್ಕೆ ಒಗ್ಗಿದಂತೆ ವಾರ್ತೆಗೆ ಒಗ್ಗಲಿಲ್ಲ. ಮೊಳೆಯಚ್ಚಿನ ಅನುಕೂಲವಿದ್ದ ಬಳ್ಳಾರಿಯಲ್ಲಿ 1844ರಿಂದ ಆ ಪತ್ರಿಕೆಯು ‘ಕನ್ನಡ ಸಮಾಚಾರ’ವೆಂಬ ಹೆಸರಿನಿಂದ ಮುದ್ರಿತವಾಗತೊಡಗಿತು.

ಅಕ್ಷರದ ಸೊಬಗು ಬೇರೆ, ಗಳಿಗೆಗೆ ಎಷ್ಟು ಹಾಳೆಯೆಂಬ ಲೆಕ್ಕ ಬೇರೆ. ಈ ಎರಡರ ನಡುವಣ ಸೆಣಸಾಟವು ಮಂಗಳೂರಿನಲ್ಲಿ ಮುಗಿಯದೆ, ನೂರು ವರ್ಷಗಳ ತರುವಾಯ, ಕಲ್ಲಿನ ಸ್ಥಾನವನ್ನು ಸಿಲಿಕಾನಿನ ಬಿಲ್ಲೆಯೂ ಮಸಿಯ ಸ್ಥಾನವನ್ನು ಬೆಳಕೂ ಆಕ್ರಮಿಸಿದಾಗ, ಅತ್ಯಂತ ಸೂಕ್ಷ್ಮವಾದ ಕ್ಷೇತ್ರದಲ್ಲಿ ಪುನಃ ಆರಂಭವಾಯಿತು. ಅದರ ಇತಿಹಾಸವನ್ನು ಬರೆದವರು ಬಹುಮಟ್ಟಿಗೆ ಗೆರೆಯ ಸಣ್ಣತನವನ್ನೇ, ಅಂದರೆ ಮೈಕ್ರಾನಿನಿಂದ ನ್ಯಾನೋಮೀಟರಿಗೆ ಇಳಿದ ಕಥೆಯನ್ನೇ, ಹಾಡಿ ಹೊಗಳಿದ್ದಾರೆ. ನನ್ನ ಮತದಲ್ಲಿ ಆ ಕಥೆಯ ನಿಜವಾದ ತಿರುವುಗಳೆಲ್ಲವೂ ವೇಗದ ತಿರುವುಗಳು. ಸಣ್ಣ ಗೆರೆಯನ್ನು ಎಳೆಯಬಲ್ಲವರು ಪ್ರತಿ ಕಾಲದಲ್ಲಿಯೂ ಇದ್ದರು, ಗಂಟೆಗೆ ನೂರು ಬಿಲ್ಲೆಗಳ ಮೇಲೆ ಅದನ್ನು ಎಳೆಯಬಲ್ಲವನು ಬರುವವರೆಗೆ ಲೋಕ ಕಾದಿತು. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳ ಮನೆಮನೆಯಿಂದ ತರುಣ ತರುಣಿಯರು ಕಾರ್ಖಾನೆಯ ಬಸ್ಸನ್ನೇರಿ ಮೊಬೈಲ್ ಫೋನುಗಳನ್ನು ಜೋಡಿಸಲು ಹೋಗುವ ಈ ಕಾಲದಲ್ಲಿ, ಆ ಫೋನಿನ ಒಡಲೊಳಗಿನ ಚಿಪ್ಪು ಯಾವ ಅಚ್ಚುಕೂಟದಿಂದ ಬಂತೆಂಬ ವೃತ್ತಾಂತವು ನಮ್ಮ ಸೀಮೆಯ ವಾಚಕರಿಗೆ ಪರಕೀಯವಾಗಿ ತೋರಲಾರದು.

ಬೆಳಕಿನ ಅಚ್ಚಿನ ಆದಿಪುರುಷನಾರೆಂಬುದರಲ್ಲಿ ಒಮ್ಮತವಿಲ್ಲ. ಅಮೆರಿಕದ ಬೆಲ್ ಪ್ರಯೋಗಾಲಯದ ಜೂಲ್ಸ್ ಆಂಡ್ರಸ್ ಮತ್ತು ವಾಲ್ಟರ್ ಬಾಂಡ್ ಎಂಬುವರು 1955ರ ಸುಮಾರಿನಲ್ಲಿಯೇ ಬೆಳಕಿಗೆ ಸ್ಪಂದಿಸುವ ಲೇಪವನ್ನು ಬಳಸಿ ಟ್ರಾನ್ಸಿಸ್ಟರಿನ ಮೇಲ್ಮೈಯಲ್ಲಿ ವಿನ್ಯಾಸಗಳನ್ನು ಕೊರೆದಿದ್ದರೆಂದು ಒಂದು ಪಕ್ಷ ಹೇಳುತ್ತದೆ. ಅಮೆರಿಕದ ಸೈನ್ಯದ ಡೈಮಂಡ್ ಆರ್ಡ್‌ನೆನ್ಸ್ ಫ್ಯೂಜ್ ಪ್ರಯೋಗಾಲಯದಲ್ಲಿ ಫಿರಂಗಿಯ ಗುಂಡಿನ ಸ್ಫೋಟಕ ಕೀಲಿಯನ್ನು ಕಿರಿದುಗೊಳಿಸಲು ತೊಡಗಿದ್ದ ಜೇ ಲ್ಯಾಥ್ರಪ್, ಜೇಮ್ಸ್ ನಾಲ್ ಎಂಬ ಇಬ್ಬರು, ಸೂಕ್ಷ್ಮದರ್ಶಕವನ್ನು ತಲೆಕೆಳಗಾಗಿಸಿ, ದೊಡ್ಡ ಚಿತ್ರವನ್ನು ಚಿಕ್ಕದಾಗಿಸಿ, 1957ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದುದರಿಂದ ಅವರಿಗೇ ಆ ಕೀರ್ತಿ ಸಲ್ಲಬೇಕೆಂದು ಇನ್ನೊಂದು ಪಕ್ಷ. ಸೈನ್ಯವು ಆ ಇಬ್ಬರಿಗೆ 25,000 ಡಾಲರುಗಳ ಬಹುಮಾನವಿತ್ತಿತು. ಆದ್ಯತೆಯ ವಾದ ಏನೇ ಇರಲಿ, ಲ್ಯಾಥ್ರಪ್ 1958ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಸೇರಿದುದೂ, ನಾಲ್ ಫೇರ್‌ಚೈಲ್ಡ್ ಸಂಸ್ಥೆಗೆ ಹೋದುದೂ, ಅನುಕಲಿತ ಮಂಡಲದ, ಎಂದರೆ ಚಿಪ್ಪಿನ, ಜನ್ಮಕ್ಕೆ ಸಾಕ್ಷಿಯಾದ ಆ ಎರಡು ಮನೆಗಳಿಗೂ ಈ ವಿದ್ಯೆಯನ್ನು ಒಟ್ಟಿಗೇ ತಲುಪಿಸಿದವು.

ಮೊದಲ ಹದಿನೈದು ವರ್ಷಗಳ ಕ್ರಮವು ಸರಳವಾಗಿತ್ತು. ಗಾಜಿನ ಫಲಕದ ಮೇಲೆ ಕಪ್ಪಾಗಿ ಬರೆದ ವಿನ್ಯಾಸವನ್ನು, ಎಂದರೆ ಮಾಸ್ಕನ್ನು, ಲೇಪ ಸವರಿದ ಸಿಲಿಕಾನ್ ಬಿಲ್ಲೆಯ ಮೇಲೆ ಒತ್ತಿ ಹಿಡಿದು, ಪಾದರಸದ ದೀಪದ ಬೆಳಕನ್ನು ಹಾಯಿಸುವುದು; ಬೆಳಕು ಬಿದ್ದ ಕಡೆಯ ಲೇಪ ಒಂದು ರೀತಿ, ಬೀಳದ ಕಡೆಯದು ಇನ್ನೊಂದು ರೀತಿ ಆಗಿ, ದ್ರಾವಣದಲ್ಲಿ ತೊಳೆದಾಗ ವಿನ್ಯಾಸವು ಮೂಡುವುದು. ಇಡೀ ಬಿಲ್ಲೆ ಒಂದೇ ಬಾರಿಗೆ ಬೆಳಗುತ್ತಿದ್ದುದರಿಂದ ಇದರಲ್ಲಿ ವೇಗಕ್ಕೆ ಕೊರತೆಯಿರಲಿಲ್ಲ. ಕೊರತೆಯಿದ್ದುದು ಸ್ಪರ್ಶದಲ್ಲಿ. ಮಾಸ್ಕು ಬಿಲ್ಲೆಯನ್ನು ಮುಟ್ಟಿದಾಗಲೆಲ್ಲ ಲೇಪದ ಚೂರು ಗಾಜಿಗೆ ಅಂಟುವುದು, ಧೂಳಿನ ಕಣವೊಂದು ಗಾಜನ್ನು ಗೀರುವುದು, ಆ ಗೀರು ಮುಂದಿನ ಪ್ರತಿ ಬಿಲ್ಲೆಯ ಮೇಲೂ ಅಚ್ಚಾಗುವುದು. ಕೆಲವೇ ಸಲ ಬಳಸಿ ಮಾಸ್ಕನ್ನು ಎಸೆಯಬೇಕಾಗುವುದು. ಮಾಡಿದ ಚಿಪ್ಪುಗಳಲ್ಲಿ ಕೆಲಸಕ್ಕೆ ಬರುವವು ಹತ್ತರಲ್ಲಿ ಒಂದರಷ್ಟಿದ್ದ ಉದಾಹರಣೆಗಳೂ ಉಂಟು. ಬಿಲ್ಲೆಗಳ ಸಂಖ್ಯೆಯಿಂದ ವೇಗವನ್ನು ಅಳೆಯುವುದು ಸಾಲದು, ಗಂಟೆಗೆ ಎಷ್ಟು ಬಿಲ್ಲೆ ಎನ್ನುವ ಪ್ರಶ್ನೆಯ ಒಳಗೆ ಗಂಟೆಗೆ ಎಷ್ಟು ಒಳ್ಳೆಯ ಚಿಪ್ಪು ಎಂಬ ಪ್ರಶ್ನೆ ಅಡಗಿದೆಯೆಂಬ ವಿವೇಕ ಈ ನಷ್ಟದಿಂದಲೇ ಹುಟ್ಟಿತು.

ಆ ವಿವೇಕದ ಫಲವಾಗಿ ಪರ್ಕಿನ್-ಎಲ್ಮರ್ ಎಂಬ ದೃಗ್ಯಂತ್ರ ಸಂಸ್ಥೆಯು ಅಮೆರಿಕದ ವಾಯುಪಡೆಯ ನೆರವಿನಿಂದ ಆರಂಭಿಸಿದ ಪ್ರಯತ್ನವು 1973ರಲ್ಲಿ ‘ಮೈಕ್ರಲೈನ್’ ಎಂಬ ಯಂತ್ರವಾಗಿ ಪ್ರಕಟವಾಯಿತು. ಏಬ್ ಆಫ್ನರ್ ರಚಿಸಿದ ಕನ್ನಡಿಗಳ ವ್ಯವಸ್ಥೆಯೊಂದು ಮಾಸ್ಕಿನ ಬಿಂಬವನ್ನು, ಬಿಲ್ಲೆಯನ್ನು ಮುಟ್ಟದೆಯೇ, ಕಮಾನಿನಾಕಾರದ ಕಿರಿದಾದ ಬೆಳಕಿನ ಸೀಳಿನ ಮೂಲಕ ಅದರ ಮೇಲೆ ಹರಿಸುತ್ತಿತ್ತು. ಸ್ಪರ್ಶವಿಲ್ಲವಾದ್ದರಿಂದ ಗೀರುಗಳಿಲ್ಲ, ಮಾಸ್ಕಿಗೆ ದೀರ್ಘಾಯುಷ್ಯ. ಹತ್ತರಲ್ಲಿ ಒಂದು ಒಳ್ಳೆಯದಾಗುತ್ತಿದ್ದಲ್ಲಿ ಏಳು ಒಳ್ಳೆಯವಾದವೆಂಬುದು ಆ ಕಾಲದವರು ಹೇಳಿಕೊಂಡು ಬಂದ ಲೆಕ್ಕ. ಚಿಪ್ಪುಗಳ ಬೆಲೆ ಕುಸಿದು, ಗಣಕವು ಕೋಣೆಯಿಂದ ಮೇಜಿಗೆ ಇಳಿದುದರಲ್ಲಿ ಈ ಯಂತ್ರದ ಪಾಲು ದೊಡ್ಡದು. ಆದರೂ ಅದರ ಹೆಸರನ್ನು ಇಂದು ಸ್ಮರಿಸುವವರಿಲ್ಲ. ಆ ಅನ್ಯಾಯವನ್ನು ಇಲ್ಲಿ ಗುರುತಿಸದೆ ಮುಂದೆ ಹೋಗಲು ಮನಸ್ಸು ಬಾರದು.

ಮೈಕ್ರಲೈನಿನ ಮಿತಿಯಿದ್ದುದು ಅದರ ಸಮಪ್ರಮಾಣದಲ್ಲಿ: ಮಾಸ್ಕಿನ ಮೇಲಿನ ಗೆರೆಯೂ ಬಿಲ್ಲೆಯ ಮೇಲಿನ ಗೆರೆಯೂ ಒಂದೇ ಅಳತೆಯವು. 1978ರಲ್ಲಿ ಜಿಸಿಎ ಎಂಬ ಸಂಸ್ಥೆಯು ಜರ್ಮನಿಯ ತ್ಸೈಸ್ ಮಸೂರವನ್ನು ಅಳವಡಿಸಿ ಮಾರುಕಟ್ಟೆಗೆ ತಂದ ‘ಸ್ಟೆಪ್ಪರ್’ ಯಂತ್ರವು ವಿನ್ಯಾಸವನ್ನು ಹತ್ತನೆಯ ಒಂದಕ್ಕೆ ಕುಗ್ಗಿಸಿ, ಬಿಲ್ಲೆಯ ಒಂದು ಮೂಲೆಯಲ್ಲಿ ಅಚ್ಚೊತ್ತಿ, ಒಂದು ಹೆಜ್ಜೆ ಸರಿದು, ಮತ್ತೆ ಅಚ್ಚೊತ್ತಿ, ಹೀಗೆ ಬಿಲ್ಲೆಯನ್ನೆಲ್ಲ ಕ್ರಮಿಸುತ್ತಿತ್ತು. ಗಂಟೆಗೆ ಇಂತಿಷ್ಟು ಬಿಲ್ಲೆಯೆಂಬ ಮೊದಲ ನೋಟದ ಲೆಕ್ಕದಲ್ಲಿ ಇದು ಮೈಕ್ರಲೈನಿಗಿಂತ ಹಿಂದುಳಿದ ಯಂತ್ರ. ಬೆಲೆಯಾದರೋ ಅದರ ಹಲವು ಪಟ್ಟು. ಆದರೂ ಇದೇ ಗೆದ್ದಿತು. ಪ್ರತಿ ಹೆಜ್ಜೆಯಲ್ಲಿಯೂ ಹೊಸದಾಗಿ ಗುರಿ ಹಿಡಿಯುತ್ತಿದ್ದುದರಿಂದ ಬಿಲ್ಲೆಯು ಬಿಸಿಗೆ ಹಿಗ್ಗಿದರೂ ಡೊಂಕಾದರೂ ಪದರದ ಮೇಲೆ ಪದರವು ಸರಿಯಾಗಿ ಕೂರುತ್ತಿತ್ತು, ಒಂದು ಬಿಲ್ಲೆಯಲ್ಲಿ ಮೊದಲಿಗಿಂತ ಹೆಚ್ಚು ಚಿಪ್ಪುಗಳು ಹಿಡಿಯುತ್ತಿದ್ದವು.

ಹೀಗೆ ಗೆದ್ದ ಜಿಸಿಎ ಹದಿನೈದು ವರ್ಷಗಳೊಳಗೆ ನಾಮಾವಶೇಷವಾಯಿತು. ಜಪಾನಿನ ನಿಕಾನ್ 1980ರಲ್ಲಿ ತನ್ನ ಮೊದಲ ಸ್ಟೆಪ್ಪರನ್ನು ಹೊರತಂದು, ಕ್ಯಾನನ್ ಅದರ ಹಿಂದೆಯೇ ಬಂದು, ದಶಕದ ನಡುವಿನಲ್ಲಿ ಮಾರುಕಟ್ಟೆಯನ್ನು ಕೈವಶ ಮಾಡಿಕೊಂಡವು. 1993ರಲ್ಲಿ ಜಿಸಿಎ ಬಾಗಿಲು ಮುಚ್ಚಿತು. ಈ ಪತನದ ಕಾರಣದ ಬಗೆಗೆ ವಿದ್ವಾಂಸರು ಒಂದೇ ಮಾತನ್ನಾಡುವುದಿಲ್ಲ. ಜಪಾನ್ ಸರ್ಕಾರವು 1976ರಿಂದ 1980ರವರೆಗೆ ನಡೆಸಿದ ಸಹಕಾರಿ ಸಂಶೋಧನಾ ಯೋಜನೆಯ ಬಲವನ್ನೂ 1985ರ ಮಾರುಕಟ್ಟೆಯ ಕುಸಿತವನ್ನೂ ಒಂದು ಗುಂಪು ಮುಂದಿಡುತ್ತದೆ. ಈ ಉದ್ಯಮವನ್ನೇ ಅಧ್ಯಯನ ಮಾಡಿ 1990ರಲ್ಲಿ ಪ್ರಬಂಧವೊಂದನ್ನು ಬರೆದ ರೆಬೆಕಾ ಹೆಂಡರ್ಸನ್ ಮತ್ತು ಕಿಮ್ ಕ್ಲಾರ್ಕ್, ಪ್ರತಿಯೊಂದು ಪೀಳಿಗೆಯ ಯಂತ್ರದಲ್ಲಿಯೂ ಬಿಡಿಭಾಗಗಳು ಬದಲಾಗದೆ ಅವುಗಳ ಪರಸ್ಪರ ಸಂಬಂಧ ಮಾತ್ರ ಬದಲಾದಾಗ, ಹಳೆಯ ಪೀಳಿಗೆಯ ನಾಯಕನಿಗೆ ಆ ಬದಲಾವಣೆ ಕಾಣದೇ ಹೋಗುತ್ತದೆಂದು ವಾದಿಸಿದರು. ಎರಡನೆಯ ವಿವರಣೆಯೇ ನನಗೆ ಹೆಚ್ಚು ಹಿಡಿಸುತ್ತದೆ. ಮೈಕ್ರಲೈನನ್ನು ಸೋಲಿಸಿದ ಜಿಸಿಎ ತಾನೇಕೆ ಗೆದ್ದೆನೆಂಬುದನ್ನು ಅರಿತಿದ್ದರೆ ನಿಕಾನಿನ ಯಂತ್ರವನ್ನು ಕೇವಲ ಅನುಕರಣೆಯೆಂದು ಭಾವಿಸುತ್ತಿರಲಿಲ್ಲ.

ಆ ವೇಳೆಗೆ ಇನ್ನೂ ಆಳವಾದ ಸಂಕಟವೊಂದು ತಲೆದೋರಿತ್ತು. ಗೆರೆ ಸಣ್ಣದಾಗಬೇಕಾದರೆ ಬೆಳಕಿನ ತರಂಗವು ಗಿಡ್ಡವಾಗಬೇಕು. ಪಾದರಸದ ದೀಪವು 436 ಮತ್ತು 365 ನ್ಯಾನೋಮೀಟರುಗಳಲ್ಲಿ ಧಾರಾಳವಾಗಿ ಉರಿಯುತ್ತದೆ, ಆದರೆ 250ರ ಆಸುಪಾಸಿಗೆ ಬಂದರೆ ಅದರ ಉದಾರತೆ ಬತ್ತಿಹೋಗುತ್ತದೆ. ಬೆಳಕು ಕ್ಷೀಣವಾದರೆ ಪ್ರತಿ ಬಿಲ್ಲೆಯೂ ಹೆಚ್ಚು ಹೊತ್ತು ನಿಲ್ಲಬೇಕು, ಅಷ್ಟು ಹೊತ್ತು ನಿಂತರೆ ಕಾರ್ಖಾನೆ ಮುಳುಗುತ್ತದೆ. ಈ ಬಿಕ್ಕಟ್ಟಿಗೆ ಎರಡು ಉತ್ತರಗಳು, ಎರಡೂ ಐಬಿಎಂ ಸಂಸ್ಥೆಯ ಕ್ಯಾಲಿಫೋರ್ನಿಯಾದ ಒಂದೇ ಪ್ರಯೋಗಾಲಯದಲ್ಲಿ, ಹೆಚ್ಚುಕಡಮೆ ಒಂದೇ ಕಾಲಕ್ಕೆ ದೊರೆತುದು ವಿಜ್ಞಾನದ ಚರಿತ್ರೆಯಲ್ಲಿ ಅಪೂರ್ವವಾದ ಘಟನೆ.

ಮೊದಲನೆಯದು ರಸಾಯನದ ಉತ್ತರ. ಗ್ರಾಂಟ್ ವಿಲ್ಸನ್, ಹಿರೋಶಿ ಇತೋ, ಜ್ಯಾಂ ಫ್ರೆಶೆ ಎಂಬ ಮೂವರು 1980ರ ದಶಕದ ಆರಂಭದಲ್ಲಿ ರಚಿಸಿದ ಹೊಸ ಲೇಪದಲ್ಲಿ, ಬೆಳಕಿನ ಕೆಲಸವು ಒಂದು ಕಣ ಆಮ್ಲವನ್ನು ಹುಟ್ಟಿಸುವಲ್ಲಿಗೆ ಮುಗಿಯುತ್ತಿತ್ತು. ಹುಟ್ಟಿದ ಆಮ್ಲವು ಲೇಪವನ್ನು ಕಾಯಿಸಿದಾಗ ತಾನು ಸವೆಯದೆ, ಒಂದರ ನಂತರ ಒಂದರಂತೆ ನೂರಾರು ಅಣುಬಂಧಗಳನ್ನು ಕಡಿದು ಹಾಕುತ್ತಿತ್ತು. ಬೆಳಕು ನೂರು ಪಾಲು ಕಡಮೆಯಾದರೂ ಅಚ್ಚು ಮೂಡುವಂತಾಯಿತು. ಆದರೆ ಈ ಸೂಕ್ಷ್ಮತೆಯೇ ಕಾರ್ಖಾನೆಯಲ್ಲಿ ಕಂಟಕವಾಗಿ, ಗಾಳಿಯಲ್ಲಿನ ಅತ್ಯಲ್ಪ ಕ್ಷಾರಾಂಶವು ಲೇಪದ ಮೇಲ್ಪದರದ ಆಮ್ಲವನ್ನು ನಂದಿಸಿಬಿಡುತ್ತಿತ್ತು. ಗೆರೆಗಳು ವಿಕಾರವಾಗುವ ಕಾರಣ ಮೊದಮೊದಲು ಯಾರಿಗೂ ತಿಳಿಯದೆ, ಕಡೆಗೆ ಗಾಳಿಯನ್ನೇ ಇದ್ದಿಲ ಶೋಧಕಗಳ ಮೂಲಕ ಹಾಯಿಸಬೇಕಾಯಿತು. ಎರಡನೆಯದು ದೀಪದ ಉತ್ತರ. ಭಾರತೀಯ ಮೂಲದ ಕಾಂತಿ ಜೈನ್ ಅವರು, ವಿಲ್ಸನ್ ಮತ್ತು ಬರ್ನ್ ಲಿನ್ ಅವರೊಡನೆ, 1982ರಲ್ಲಿ ಪ್ರಕಟಿಸಿದ ಪತ್ರದಲ್ಲಿ ಎಕ್ಸೈಮರ್ ಲೇಸರನ್ನು ಬೆಳಕಿನ ಅಚ್ಚಿನ ದೀಪವಾಗಿ ಬಳಸಬಹುದೆಂಬುದನ್ನು ತೋರಿಸಿದರು. ಆ ಪತ್ರದ ಶೀರ್ಷಿಕೆಯೇ ಅತಿವೇಗವನ್ನು ಸಾರುತ್ತಿತ್ತು. ಕ್ರಿಪ್ಟಾನ್ ಫ್ಲೋರೈಡಿನ 248, ಬಳಿಕ ಆರ್ಗಾನ್ ಫ್ಲೋರೈಡಿನ 193 ನ್ಯಾನೋಮೀಟರ್ ಲೇಸರುಗಳು ಮುಂದಿನ ದಶಕಗಳಲ್ಲಿ ಜಗತ್ತಿನ ಮುಂಚೂಣಿಯ ಚಿಪ್ಪುಗಳನ್ನು ಬರೆದವು.

ಯಂತ್ರದ ಅಂಗಾಂಗಗಳಲ್ಲಾದ ಸುಧಾರಣೆಗಳನ್ನು ಸಂಕ್ಷೇಪವಾಗಿ ಹೇಳಿದರೆ ಸಾಕು. 1984ರಲ್ಲಿ ಫಿಲಿಪ್ಸ್ ಮತ್ತು ಎಎಸ್ಎಂ ಸಂಸ್ಥೆಗಳು ಕೂಡಿ ನೆದರ್ಲೆಂಡಿನಲ್ಲಿ ಸ್ಥಾಪಿಸಿದ ಎಎಸ್ಎಂಎಲ್, 2001ರಲ್ಲಿ ಎರಡು ಪೀಠಗಳ ಯಂತ್ರವನ್ನು ತಂದಿತು: ಒಂದು ಪೀಠದ ಬಿಲ್ಲೆಯು ಅಚ್ಚಾಗುತ್ತಿರುವಾಗ ಇನ್ನೊಂದರ ಮೇಲಿನದನ್ನು ಅಳೆದು ಸಿದ್ಧಪಡಿಸುವುದರಿಂದ ದುಬಾರಿಯಾದ ಮಸೂರವು ಸುಮ್ಮನೆ ಕಾಯುವ ಪ್ರಮೇಯವಿಲ್ಲವಾಯಿತು. 2002ರಲ್ಲಿ, ಆಗ ತೈವಾನಿನ ಟಿಎಸ್ಎಂಸಿಯಲ್ಲಿದ್ದ ಅದೇ ಬರ್ನ್ ಲಿನ್, ಮಸೂರ ಮತ್ತು ಬಿಲ್ಲೆಯ ನಡುವೆ ನೀರನ್ನು ತುಂಬಿದರೆ 193ರ ಬೆಳಕೇ ಸಾಲುವುದೆಂದು ಹೇಳಿ, 157 ನ್ಯಾನೋಮೀಟರಿನ ಬೆಳಕಿಗಾಗಿ ಸುರಿಯುತ್ತಿದ್ದ ಅಪಾರ ಹಣವನ್ನು ತಡೆದರು. ಇಂದಿನ ನೀರಿನ ಯಂತ್ರಗಳು 300 ಮಿಲಿಮೀಟರ್ ವ್ಯಾಸದ ಬಿಲ್ಲೆಗಳನ್ನು ಗಂಟೆಗೆ 275ಕ್ಕೂ ಹೆಚ್ಚಾಗಿ ಅಚ್ಚೊತ್ತುತ್ತವೆ. ಆದರೂ ಗೆರೆಗಳು ಆ ಬೆಳಕಿನ ಶಕ್ತಿಗೆ ಮೀರಿ ಸಣ್ಣವಾದಾಗ, ಒಂದೇ ಪದರವನ್ನು ಎರಡು ಮೂರು ನಾಲ್ಕು ಸಲ ಬರೆಯುವ ಉಪಾಯ ಅನಿವಾರ್ಯವಾಗಿ, ಯಂತ್ರ ಗಳಿಸಿಕೊಟ್ಟ ವೇಗವನ್ನು ಕಾರ್ಖಾನೆ ಕಳೆದುಕೊಳ್ಳುತ್ತ ಬಂತು.

ಇದರಿಂದ ಪಾರಾಗುವ ದಾರಿಯೆಂದು ಎಲ್ಲರೂ ನೆಚ್ಚಿದ್ದುದು 13.5 ನ್ಯಾನೋಮೀಟರಿನ ಅತಿನೇರಳೆ ಕಿರಣ. ಜಪಾನಿನ ಹಿರೂ ಕಿನೋಶಿತಾ ಅಂಥ ಕಿರಣದಿಂದ ಬಿಂಬವನ್ನು ಮೂಡಿಸಬಹುದೆಂದು 1986ರಲ್ಲಿಯೇ ತೋರಿಸಿದ್ದರು. ಅಂದರೆ ಸಣ್ಣ ಗೆರೆಯ ದಾರಿ ಆಗಲೇ ತೆರೆದಿತ್ತು. ಕಾರ್ಖಾನೆಗೆ ಬರಲು ಅದಕ್ಕೆ ಮೂವತ್ತಕ್ಕೂ ಹೆಚ್ಚು ವರ್ಷ ಹಿಡಿಯಿತು, ಮತ್ತು ಆ ವಿಳಂಬದ ಮುಖ್ಯ ಕಾರಣ ಬೆಳಕಿನ ಬಡತನ. ಗಾಳಿಯೂ ಗಾಜೂ ಆ ಕಿರಣವನ್ನು ನುಂಗುವುದರಿಂದ ಯಂತ್ರವೆಲ್ಲ ನಿರ್ವಾತದಲ್ಲಿರಬೇಕು, ಮಸೂರಗಳ ಬದಲು ಮಾಲಿಬ್ಡಿನಮ್ ಮತ್ತು ಸಿಲಿಕಾನಿನ ಪದರಗಳ ಕನ್ನಡಿಗಳಿರಬೇಕು; ಪ್ರತಿ ಕನ್ನಡಿಯೂ ತನ್ನ ಮೇಲೆ ಬಿದ್ದುದರಲ್ಲಿ ಮೂರನೆಯ ಒಂದು ಪಾಲನ್ನು ನುಂಗಿಬಿಡುವುದರಿಂದ, ಹನ್ನೊಂದು ಸಲ ಪ್ರತಿಫಲಿಸಿದ ಬೆಳಕಿನಲ್ಲಿ ಬಿಲ್ಲೆಗೆ ತಲುಪುವುದು ನೂರರಲ್ಲಿ ಎರಡರಷ್ಟೂ ಕಷ್ಟ. ಮೇಲಾಗಿ ಈ ಬೆಳಕಿನ ಒಂದೊಂದು ಕಣವೂ 193ರ ಬೆಳಕಿನ ಕಣಕ್ಕಿಂತ ಹದಿನಾಲ್ಕು ಪಟ್ಟು ಶಕ್ತಿಯುಳ್ಳದ್ದು; ಅಷ್ಟೇ ಶಕ್ತಿಯನ್ನು ವ್ಯಯಿಸಿದರೆ ಕಣಗಳ ಸಂಖ್ಯೆ ಹದಿನಾಲ್ಕನೆಯ ಒಂದಂಶ, ಕಣಗಳು ವಿರಳವಾದಲ್ಲಿ ಗೆರೆಯ ಅಂಚು ಒರಟಾಗಿ, ಎಲ್ಲೋ ಒಂದು ರಂಧ್ರ ಬಾಯಿಬಿಡದೆಯೇ ಉಳಿಯುತ್ತದೆ. ಬೆಳಕನ್ನು ಮಿತವಾಗಿ ಬಳಸಿ ವೇಗವನ್ನು ಗಳಿಸೋಣವೆಂದರೆ ಗುಣ ಕೆಡುವುದು, ಗುಣವನ್ನು ಕಾಯೋಣವೆಂದರೆ ವೇಗ ಕೆಡುವುದು.

ಆದುದರಿಂದ ದೀಪವನ್ನೇ ಬಲಪಡಿಸಬೇಕಾಯಿತು. ಕರಗಿದ ತವರದ ಸೂಕ್ಷ್ಮ ಹನಿಗಳನ್ನು ಸೆಕೆಂಡಿಗೆ 50,000ದಂತೆ ಚಿಮ್ಮಿಸಿ, ಹಾರುತ್ತಿರುವ ಪ್ರತಿಯೊಂದು ಹನಿಗೂ ಲೇಸರಿನ ಎರಡು ಹೊಡೆತಗಳನ್ನು ಕೊಡುವುದು, ಮೊದಲ ಹೊಡೆತದಿಂದ ಹನಿಯನ್ನು ಚಪ್ಪಟೆಯಾಗಿಸಿ ಎರಡನೆಯದರಿಂದ ಅದನ್ನು ಉರಿಯುವ ಪ್ಲಾಸ್ಮವನ್ನಾಗಿ ಮಾಡುವುದು: ಇದು ಆ ದೀಪದ ರಚನೆ. 2010ರ ಸುಮಾರಿನ ಮೊದಲ ಯಂತ್ರಗಳು ಗಂಟೆಗೆ ಹತ್ತು ಬಿಲ್ಲೆಗಳನ್ನು ಮುಟ್ಟಲೂ ತಿಣುಕಾಡಿದವು. 2012ರಲ್ಲಿ ಇಂಟೆಲ್, ಸ್ಯಾಮ್‌ಸಂಗ್, ಟಿಎಸ್ಎಂಸಿ ಎಂಬ ಮೂವರು ಗಿರಾಕಿಗಳೇ ಎಎಸ್ಎಂಎಲ್‌ನಲ್ಲಿ ಹಣ ಹೂಡಿದರು. ಮರುವರ್ಷ ಆ ಸಂಸ್ಥೆಯು ದೀಪವನ್ನು ತಯಾರಿಸುತ್ತಿದ್ದ ಸೈಮರ್ ಕಂಪನಿಯನ್ನೇ ಕೊಂಡಿತು. 2017ರಲ್ಲಿ 250 ವಾಟಿನ ಬೆಳಕೂ ಗಂಟೆಗೆ 125 ಬಿಲ್ಲೆಗಳ ವೇಗವೂ ಸಿದ್ಧಿಸಿದವು, 2019ರಲ್ಲಿ ತೈವಾನಿನ ಕಾರ್ಖಾನೆಯಲ್ಲಿ ಈ ಕಿರಣದಿಂದ ಚಿಪ್ಪುಗಳು ಸಮೃದ್ಧಿಯಾಗಿ ಹೊರಬರತೊಡಗಿದವು.

ಕೋಲಾರ ತಾಲ್ಲೂಕಿನ ನರಸಾಪುರದ ಕೈಗಾರಿಕಾ ಪ್ರದೇಶದಲ್ಲಿ ತೈವಾನಿನ ವಿಸ್ಟ್ರಾನ್ ಕಂಪನಿಯು ಐಫೋನುಗಳ ಜೋಡಣೆಯನ್ನು ಆರಂಭಿಸಿದುದು ಇದರ ಮರುವರ್ಷ, 2020ರಲ್ಲಿ. ಮಾಲೂರಿನ ಹೆಂಚು ಇಟ್ಟಿಗೆಗಳ ಕೆಲಸ, ಶ್ರೀನಿವಾಸಪುರದ ಮಾವಿನ ತೋಪುಗಳ ಕೆಲಸ, 2001ರಲ್ಲಿ ಚಿನ್ನದ ಗಣಿಗಳು ಮುಚ್ಚಿದ ಮೇಲೆ ಬೆಂಗಳೂರಿನ ರೈಲನ್ನು ಹಿಡಿಯುವ ಕೆಲಸ ಎಂಬ ಮೂರೇ ದಾರಿಗಳನ್ನು ಕಂಡಿದ್ದ ಅನೇಕ ಮನೆಗಳಿಗೆ ಇದು ನಾಲ್ಕನೆಯ ದಾರಿಯಾಯಿತು. ಆದರೆ ತ್ವರೆಯ ಬೆಲೆಯನ್ನು ಇಲ್ಲಿ ಯಂತ್ರಗಳಲ್ಲ, ಮನುಷ್ಯರು ತೆತ್ತರು. 2020ರ ಡಿಸೆಂಬರ್ 12ರ ಬೆಳಗ್ಗೆ, ಬರಬೇಕಾದ ಸಂಬಳ ಸರಿಯಾಗಿ ಬಾರದೆ ನೊಂದಿದ್ದ ಕೆಲಸಗಾರರ ಕೋಪವು ಕಾರ್ಖಾನೆಯ ಗಾಜುಗಳ ಮೇಲೂ ವಾಹನಗಳ ಮೇಲೂ ಎರಗಿತು. ಅಲ್ಪ ಕಾಲದಲ್ಲಿ ಕೆಲಸಗಾರರ ಸಂಖ್ಯೆಯು ಹತ್ತು ಸಾವಿರವನ್ನು ಮೀರಿತ್ತು, ಹಾಜರಿ ಸಂಬಳಗಳ ವ್ಯವಸ್ಥೆಯು ಆ ಓಟಕ್ಕೆ ಸಜ್ಜಾಗಿರಲಿಲ್ಲವೆಂದು ರಾಜ್ಯದ ಕಾರ್ಖಾನೆಗಳ ಇಲಾಖೆಯ ಪ್ರಾಥಮಿಕ ವರದಿ ಹೇಳಿತು. ಕೆಲವರಿಗೆ ಸಂಬಳ ಸರಿಯಾಗಿ ಸಂದಿಲ್ಲವೆಂದು ಕಂಪನಿಯೂ ಒಪ್ಪಿ ಭಾರತದ ವ್ಯವಹಾರವನ್ನು ನೋಡಿಕೊಳ್ಳುತ್ತಿದ್ದ ಹಿರಿಯ ಅಧಿಕಾರಿಯನ್ನು ತೆಗೆದುಹಾಕಿತು, ಆಪಲ್ ಸಂಸ್ಥೆಯು ಹೊಸ ಕೆಲಸವನ್ನು ಕೊಡದೆ ಅದನ್ನು ಪರೀಕ್ಷೆಯ ಅವಧಿಯಲ್ಲಿರಿಸಿತು. ಕಟ್ಟಡದ ಹಾನಿಯನ್ನು ಪತ್ರಿಕೆಗಳು ಬಹಳ ವಿಸ್ತರಿಸಿ ಬರೆದವು; ಗಂಟೆಗಳ ಲೆಕ್ಕದಲ್ಲಿ ದುಡಿದವರ ಗಂಟೆಗಳನ್ನೇ ಲೆಕ್ಕವಿಡದೆ ಹೋದುದು ಅದಕ್ಕಿಂತ ಭಾರವಾದ ಸಂಗತಿಯೆಂದು ನಾನು ತಿಳಿದಿದ್ದೇನೆ. 2023ರ ಅಕ್ಟೋಬರಿನಲ್ಲಿ ಟಾಟಾ ಎಲೆಕ್ಟ್ರಾನಿಕ್ಸ್ ಈ ಕಾರ್ಖಾನೆಯನ್ನು 12.5 ಕೋಟಿ ಡಾಲರುಗಳಿಗೆ ಕೊಳ್ಳುವ ಒಪ್ಪಂದವಾಯಿತು.

ಫೋನನ್ನು ಜೋಡಿಸುವ ನಾಡಿಗೆ ಚಿಪ್ಪನ್ನು ಬರೆಯುವ ಅಚ್ಚುಕೂಟ ಏಕಿಲ್ಲವೆಂಬ ಪ್ರಶ್ನೆ ಸಹಜ. ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ 1962ರಲ್ಲಿಯೇ ಜರ್ಮೇನಿಯಮ್ ಸಾಧನಗಳನ್ನೂ 1971ರಲ್ಲಿ ಅನುಕಲಿತ ಮಂಡಲಗಳನ್ನೂ ತಯಾರಿಸಲು ತೊಡಗಿತ್ತು. ರಾಷ್ಟ್ರದ ದೊಡ್ಡ ಪ್ರಯತ್ನವು ಮೊಹಾಲಿಯಲ್ಲಿ 1984ರಲ್ಲಿ ಉತ್ಪಾದನೆಗಿಳಿದು, 1989ರ ಫೆಬ್ರವರಿಯ ಅಗ್ನಿಯಲ್ಲಿ ದಗ್ಧವಾಯಿತು. ಆ ಉದ್ಯಮದಲ್ಲಿ ಕಳೆದುಹೋದ ಕೆಲವು ವರ್ಷಗಳು ಬೇರೆ ಉದ್ಯಮಗಳ ಅರ್ಧ ಶತಮಾನಕ್ಕೆ ಸಮ. ಟಾಟಾ ಸಂಸ್ಥೆಯು ತೈವಾನಿನ ಪಿಎಸ್ಎಂಸಿಯೊಡನೆ ತಿಂಗಳಿಗೆ 50,000 ಬಿಲ್ಲೆಗಳ ಗುರಿಯಿಟ್ಟು ಕಟ್ಟತೊಡಗಿರುವ ಕಾರ್ಖಾನೆಯೂ ಗುಜರಾತಿನ ಧೊಲೇರಾಕ್ಕೆ ಸಂದಿತು.

ಕರ್ನಾಟಕಕ್ಕೆ ದೊರೆತುದು ಸಂಶೋಧನೆಯ ಭಾಗ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ಮುಂಬಯಿಯ ಐಐಟಿಯ ಜೊತೆಗೂಡಿ 2006ರಲ್ಲಿ ಆರಂಭವಾದ ನ್ಯಾನೋ ಎಲೆಕ್ಟ್ರಾನಿಕ್ಸ್ ಯೋಜನೆಯು 2010ರಲ್ಲಿ ನ್ಯಾನೋ ವಿಜ್ಞಾನ ಮತ್ತು ಎಂಜಿನಿಯರಿಂಗ್ ಕೇಂದ್ರವಾಗಿ ರೂಪುಗೊಂಡಿತು. ಅಲ್ಲಿನ 14,000 ಚದರ ಅಡಿಗಳ ನಿರ್ಮಲ ಕೊಠಡಿಯನ್ನು ಕಟ್ಟುವುದರಲ್ಲಿ ಮೈಸೂರಿನ ಜಯಚಾಮರಾಜೇಂದ್ರ ಎಂಜಿನಿಯರಿಂಗ್ ಕಾಲೇಜಿನ ಹಳೆಯ ವಿದ್ಯಾರ್ಥಿಯಾದ ಪ್ರಾಧ್ಯಾಪಕ ನವಕಾಂತ ಭಟ್ಟರ ಪರಿಶ್ರಮ ದೊಡ್ಡದು. ದೇಶದ ನಾನಾ ಮೂಲೆಗಳ ಕಾಲೇಜುಗಳಿಂದ ಸಂಶೋಧಕರು ಅಲ್ಲಿಗೆ ಬಂದು ಯಂತ್ರಗಳನ್ನು ಬಳಸುವ ಏರ್ಪಾಡು 2008ರಿಂದಲೂ ಉಂಟು. ಇಂಥ ಕೊಠಡಿಗಳಲ್ಲಿ ಅತಿಸೂಕ್ಷ್ಮ ಗೆರೆಗಳನ್ನು ಬರೆಯುವುದು ಬೆಳಕಲ್ಲ, ಎಲೆಕ್ಟ್ರಾನಿನ ಕಿರಣ. ಮಾಸ್ಕಿನ ಅಗತ್ಯವೇ ಇಲ್ಲದೆ, ಒಂದು ಲೇಖನಿಯಂತೆ ಅದು ನೇರವಾಗಿ ಬರೆಯುತ್ತದೆ. ಆದರೆ ಲೆಕ್ಕ ಮಾಡಿ ನೋಡಬೇಕು: ಚದರ ಸೆಂಟಿಮೀಟರಿಗೆ 100 ಮೈಕ್ರೋ ಕೂಲಂಬಿನ ಆವೇಶವನ್ನು ಬೇಡುವ ಲೇಪದ ಮೇಲೆ ಒಂದು ನ್ಯಾನೋ ಆಂಪಿಯರಿನ ಕಿರಣವನ್ನು ಹಾಯಿಸಿದರೆ, ಒಂದು ಚದರ ಸೆಂಟಿಮೀಟರನ್ನು ಪೂರ್ತಿಯಾಗಿ ತುಂಬಲು ಲಕ್ಷ ಸೆಕೆಂಡುಗಳು, ಎಂದರೆ ಸುಮಾರು 28 ಗಂಟೆಗಳು ಬೇಕು. 300 ಮಿಲಿಮೀಟರಿನ ಬಿಲ್ಲೆಯೊಂದಕ್ಕೆ ಎರಡು ವರ್ಷಗಳು ಸಾಲವು. ಗೆರೆಯ ಅಗಲವನ್ನು ಅರ್ಧಕ್ಕಿಳಿಸಿದರೆ ಗಂಟೆಗೆ ಬರೆಯಬಹುದಾದ ವಿಸ್ತಾರವು ಸುಮಾರು ಮೂವತ್ತೆರಡನೆಯ ಒಂದಕ್ಕೆ ಇಳಿಯುತ್ತದೆಂಬ ನಿಯಮವನ್ನು ಅಮೆರಿಕದ ಡಾನ್ ಟೆನೆಂಟ್ ಅನೇಕ ವಿಧಾನಗಳನ್ನು ಒಟ್ಟಿಗೆ ತೂಗಿ ನೋಡಿ 1999ರಲ್ಲಿ ಹೇಳಿದುದುಂಟು.

ಒಂದು ಲೇಖನಿಯು ನಿಧಾನವಾದರೆ ಸಾವಿರ ಲೇಖನಿಗಳನ್ನು ಹಿಡಿಯೋಣವೆಂದು ಹೊರಟವರೂ ಉಂಟು. ನೆದರ್ಲೆಂಡಿನ ಡೆಲ್ಫ್ಟ್ ನಗರದಲ್ಲಿ 2000ದಲ್ಲಿ ಹುಟ್ಟಿದ ಮ್ಯಾಪರ್ ಕಂಪನಿಯು 13,000ಕ್ಕೂ ಹೆಚ್ಚು ಕಿರಣಗಳ ಯಂತ್ರವನ್ನು ಕಲ್ಪಿಸಿ, ಹದಿನೆಂಟು ವರ್ಷ ಶ್ರಮಿಸಿ, 2018ರ ಕೊನೆಯಲ್ಲಿ ದಿವಾಳಿಯಾಯಿತು. ವಿಯೆನ್ನಾದ ಐಎಂಎಸ್ ಸಂಸ್ಥೆಯು 2,62,144 ಕಿರಣಗಳ ಯಂತ್ರವನ್ನು ಕಟ್ಟಿ ಯಶಸ್ವಿಯಾಯಿತು, ಏಕೆಂದರೆ ಅದು ಬಿಲ್ಲೆಗಳನ್ನು ಬರೆಯುವ ಗೋಜಿಗೆ ಹೋಗದೆ ಮಾಸ್ಕುಗಳನ್ನು ಮಾತ್ರ ಬರೆಯಿತು. ಒಮ್ಮೆ ನಿಧಾನವಾಗಿ ಬರೆಯುವವನು ಒಬ್ಬ, ಬರೆದುದನ್ನು ಬೇಗಬೇಗನೆ ಪ್ರತಿಯೆತ್ತುವವನು ಇನ್ನೊಬ್ಬ. ಈ ಶ್ರಮವಿಭಾಗವನ್ನು ಮೀರಲು ಯತ್ನಿಸಿದವರಲ್ಲಿ ಉಳಿದವರು ಕಡಮೆ. ಗ್ರಾಂಟ್ ವಿಲ್ಸನ್ ಅವರು ಎಸ್. ವಿ. ಶ್ರೀನಿವಾಸನ್ ಅವರೊಡನೆ ಟೆಕ್ಸಾಸಿನಲ್ಲಿ ಬೆಳೆಸಿದ, 2014ರಲ್ಲಿ ಕ್ಯಾನನ್ ಕೊಂಡುಕೊಂಡ ನ್ಯಾನೋ ಮುದ್ರೆಯ ವಿಧಾನವೂ, ಎಂದರೆ ಕಿರಣದಿಂದ ಬರೆದ ಒಂದು ಅಚ್ಚನ್ನು ದ್ರವ ಲೇಪದ ಮೇಲೆ ಒತ್ತಿ ಗಟ್ಟಿಗೊಳಿಸುವ ಕ್ರಮವೂ, ಇದೇ ವಿಭಾಗದ ಇನ್ನೊಂದು ರೂಪ.

ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಜಿ. ಯು. ಕುಲಕರ್ಣಿಯವರ ಬಳಗವು ನಡೆದ ದಾರಿಯನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. ಮೊದಲು ಅವರು ಎಲೆಕ್ಟ್ರಾನ್ ಕಿರಣದಿಂದ ನೇರವಾಗಿ ಪಲ್ಲಾಡಿಯಮ್ ಲೋಹದ ನ್ಯಾನೋ ತಂತಿಗಳನ್ನು ಬರೆಯುವ ಲೇಪಗಳನ್ನು ರಚಿಸಿದವರು, ಎಂದರೆ ನಿಧಾನದ ಲೇಖನಿಯ ಶಕ್ತಿಯನ್ನೂ ಅದರ ಕಷ್ಟವನ್ನೂ ಕೈಯಾರೆ ಅರಿತವರು. 2014ರ ವೇಳೆಗೆ ಪ್ರಕಟವಾದ ಅವರ ಇನ್ನೊಂದು ವಿಧಾನದಲ್ಲಿ ಮಾಸ್ಕೂ ಇಲ್ಲ, ಲೇಖನಿಯೂ ಇಲ್ಲ. ಬೇಸಗೆಯಲ್ಲಿ ನೀರು ಬತ್ತಿದ ಕೋಲಾರದ ಕೆರೆಯಂಗಳದ ಮಣ್ಣು ಬಿರಿಯುವಂತೆ, ಗಾಜಿನ ಮೇಲೆ ಹಚ್ಚಿದ ರಾಳದ ತೆಳುಪದರವು ಒಣಗುತ್ತ ತನ್ನಷ್ಟಕ್ಕೆ ಬಿರುಕು ಬಿಟ್ಟು, ಒಂದಕ್ಕೊಂದು ಕೂಡಿಕೊಂಡ ಜಾಲವಾಗುತ್ತದೆ. ಅದರ ಮೇಲೆ ಲೋಹದ ಆವಿಯನ್ನು ಕೂರಿಸಿ ರಾಳವನ್ನು ತೊಳೆದರೆ, ಬಿರುಕಿದ್ದ ಎಡೆಯಲ್ಲೆಲ್ಲ ಕಣ್ಣಿಗೆ ಕಾಣದಷ್ಟು ಸಣ್ಣ ಲೋಹದ ತಂತಿ ಉಳಿದು, ಗಾಜು ಪಾರದರ್ಶಕವಾಗಿಯೇ ಇದ್ದು ವಿದ್ಯುತ್ತನ್ನು ಹರಿಸುತ್ತದೆ. ಆ ಗೆರೆಗಳ ಅಗಲ ನ್ಯಾನೋಮೀಟರುಗಳಲ್ಲ, ಮೈಕ್ರಾನುಗಳು. ಬಿರುಕು ಎಲ್ಲಿ ಬೀಳಬೇಕೆಂದು ವಿಧಿಸಲು ಬಾರದಾದುದರಿಂದ ಟ್ರಾನ್ಸಿಸ್ಟರುಗಳನ್ನು ಬರೆಯಲು ಇದು ಒದಗದು. ಆದರೆ ಒಂದು ಅಂಗುಲದ ಗಾಜೂ ಒಂದು ಅಡಿಯ ಗಾಜೂ ಹೆಚ್ಚುಕಡಮೆ ಒಂದೇ ಹೊತ್ತಿನಲ್ಲಿ ಒಣಗುವುದರಿಂದ ವಿಸ್ತಾರವು ಬೆಳೆದಂತೆ ಗೆರೆಗಳನ್ನು ಮೂಡಿಸುವ ಕಾಲ ಬೆಳೆಯದು, ರಾಳವನ್ನು ಸಿಂಪಡಿಸಿದರೆ ಬಾಗಿದ ಮೇಲ್ಮೈಗಳನ್ನೂ ಅದು ಬಿಡದು. ಮಂಜು ಹಿಡಿಯದ ಗಾಜು, ಸೌರಕೋಶ, ದುಬಾರಿಯಾದ ಇಂಡಿಯಮ್ಮಿನ ಲೇಪವನ್ನು ಈಗ ಬಳಸುತ್ತಿರುವ ಅಗಲವಾದ ಪಾರದರ್ಶಕ ಫಲಕಗಳು, ಇವೇ ಅದು ಅರಸಿರುವ ಕ್ಷೇತ್ರಗಳು.